ತವರಿಗೆ ಮರಳಿದ ಸ್ಪೀಕರು

ಕಾಸರಗೋಡಿನ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಒಂದು ಆಗಸ್ಟ್ 15ರಂದು ನಮ್ಮ ಶಾಲೆಯಲ್ಲೂ ಹಾಗೇ ಆಯಿತು. ಏಳನೆಯ ತರಗತಿಯ ಹುಡುಗಿ ವಾರವಿಡೀ ಬಾಯಿಪಾಠ ಮಾಡಿದ್ದ ಭಾಷಣದ ಎರಡು ವಾಕ್ಯ ಮುಗಿಯುವಷ್ಟರಲ್ಲಿ ಮೈಕ್ ನಿಂತಿತು. ಮಗು ಧೈರ್ಯಗೆಡದೆ ಪೂರ್ತಿ ಹೇಳಿದಳು. ಆದರೆ ಹಂಚಿನ ಮೇಲೆ ಸುರಿಯುವ ಮಳೆಯಲ್ಲಿ ಅದು ಕೇಳಿಸಿದ್ದು ಮುಂದಿನ ಸಾಲಿಗೆ ಮಾತ್ರ. ನಮ್ಮೂರ ಬೀದಿಗೆ ಕನ್ನಡ ಗಟ್ಟಿಯಾಗಿ ಕೇಳಿಸುವ ದಿನಗಳು ವರ್ಷಕ್ಕೆ ಕೆಲವೇ. ಅದಕ್ಕೇ ಆ ಸ್ಪೀಕರನ್ನು ಬ್ಯಾಟರಿಯಿಂದ ನಡೆಸಲು ಹೊರಟೆವು. ಕೆಲಸಕ್ಕೆ ಇಳಿದ ಮೇಲೆ ತಿಳಿಯಿತು, ಇದು ಹೊಸ ವಿದ್ಯೆಯಲ್ಲ. ಸ್ಪೀಕರಿನ ತವರೇ ಬ್ಯಾಟರಿ.

ಇಲ್ಲಿನ ಮಲಯಾಳಿಗಳು ಹಾರ್ನ್ ಸ್ಪೀಕರಿಗೆ 'ಕೋಳಾಂಬಿ' ಎನ್ನುತ್ತಾರೆ, ಅಂದರೆ ಪೀಕದಾನಿ. ಆಕಾರ ಹಾಗಿದೆ. ಅಮೆರಿಕದ ನಾಪಾ ಎಂಬಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ 1915ರಲ್ಲಿ ಇಂಥ ಹಾರ್ನಿನಿಂದ ಮಾತನ್ನು ದೂರಕ್ಕೆ ಕೇಳಿಸಿದರು. ಅದಕ್ಕೆ ಜೋಡಿಸಿದ್ದು ಟೆಲಿಫೋನಿನಲ್ಲಿರುವಂಥ ಇಂಗಾಲದ ಮೈಕು, ಶಕ್ತಿ ಬ್ಯಾಟರಿಯದು. ಅದೇ ವರ್ಷ ಡಿಸೆಂಬರ್ 24ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ಜನಸಂದಣಿಗೆ ಅದನ್ನು ತೋರಿಸಿದರು. 1919ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸ್ಯಾನ್ ಡಿಯಾಗೋದ ಕ್ರೀಡಾಂಗಣದಲ್ಲಿ ಮಾತಾಡಿದ್ದೂ ಅವರ ಉಪಕರಣದಲ್ಲೇ.

ಆಗಿನ ರೇಡಿಯೋಗಳೂ ಬ್ಯಾಟರಿಯವೇ. ವಾಲ್ವ್ ಬಿಸಿ ಮಾಡಲು ಒಂದು ಬ್ಯಾಟರಿ, ಅದರ ಹೆಚ್ಚಿನ ವೋಲ್ಟೇಜಿಗೆ ಇನ್ನೊಂದು. ಚಾರ್ಜು ಮಾಡಿಸಲು ಹೊತ್ತೊಯ್ಯಬೇಕು, ಆಸಿಡ್ ಚೆಲ್ಲಿದರೆ ನೆಲ ಹಾಳು. 1925ರಲ್ಲಿ ಕೆನಡಾದ ಎಡ್ವರ್ಡ್ ರೋಜರ್ಸ್ ನೇರವಾಗಿ ಮನೆಯ ಕರೆಂಟಿನಿಂದ ನಡೆಯುವ ರೇಡಿಯೋ ಮಾರಾಟಕ್ಕೆ ತಂದರು. ಬ್ಯಾಟರಿಯನ್ನು ಹೊರಗಟ್ಟುವ ಪೆಟ್ಟಿಗೆಗೆ 'ಎಲಿಮಿನೇಟರ್' ಎಂಬ ಹೆಸರು ಬಂತು. ನಮ್ಮ ಅಂಗಡಿಗಳಲ್ಲೂ ಆ ಹೆಸರು ಬಹುಕಾಲ ಉಳಿಯಿತು.

ಆದರೆ ಕಂಬ ಬಾರದ ಊರುಗಳಿಗೆ ಕಾರಿನ ಬ್ಯಾಟರಿಯೇ ಗತಿ. ಅದರ 6 ವೋಲ್ಟನ್ನು ವಾಲ್ವ್‌ಗಳಿಗೆ ಬೇಕಾದ ನೂರಾರು ವೋಲ್ಟಿಗೆ ಏರಿಸಲು ಗುಂಯ್‌ಗುಡುವ 'ವೈಬ್ರೇಟರ್' ಬೇಕಿತ್ತು. ನಮ್ಮ ದೇಶದಲ್ಲಿ ಸ್ವಾತಂತ್ರ್ಯ ಹೋರಾಟದ ಸಭೆಗಳಿಗೆ ಧ್ವನಿವರ್ಧಕ ಒದಗಿಸಿದವರಲ್ಲಿ ಮುಂಬಯಿಯ ಚಿಕಾಗೋ ರೇಡಿಯೋ ಮುಖ್ಯವಾದುದು. ಗಾಂಧೀಜಿ, ನೆಹರೂ ಭಾಷಣದ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ಆ ಹೆಸರು ಕಾಣುತ್ತದೆ.

1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದಕ್ಕೆ ನೂರಾರು ವೋಲ್ಟೂ ಬೇಡ, ಬಿಸಿ ಮಾಡುವ ತಂತಿಯೂ ಬೇಡ. ಕಾರಿನ 12 ವೋಲ್ಟ್ ಬ್ಯಾಟರಿಯೇ ಸಾಕೆಂಬ ಆಂಪ್ಲಿಫಯರುಗಳು ಬಂದವು. ಚುನಾವಣೆಯ ಜೀಪು, ಆಟೋರಿಕ್ಷಾಗಳ ಮೇಲೆ ಕೋಳಾಂಬಿ ಕೂತದ್ದು ಹೀಗೆ.

ನಮ್ಮ ಶಾಲೆಯ ಪೆಟ್ಟಿಗೆಯಲ್ಲೂ ಇದೇ ಕಥೆ. ಗೋಡೆಯ 230 ವೋಲ್ಟು ಟ್ರಾನ್ಸ್‌ಫಾರ್ಮರಿನಲ್ಲಿ 12 ಆಗುತ್ತದೆ. ನಾಲ್ಕು ಡಯೋಡು, ಒಂದು ಕೆಪಾಸಿಟರ್ ದಾಟಿ ಸುಮಾರು 16 ವೋಲ್ಟಿನ ಡಿ.ಸಿ. ಆಗುತ್ತದೆ. ಒಳಗಿನ ಆಂಪ್ಲಿಫಯರಿಗೆ ಬೇಕಿರುವುದು ಈ ಡಿ.ಸಿ. ಮಾತ್ರ. ಊರಿನ ಎಲೆಕ್ಟ್ರೀಷಿಯನ್ ಒಬ್ಬರು ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಅಲ್ಲಿಗೆ 12 ವೋಲ್ಟ್ 7 ಆಂಪಿಯರ್-ಅವರ್‌ನ ಮುಚ್ಚಿದ ಬ್ಯಾಟರಿ ಜೋಡಿಸಿದರು. ಪ್ಲಸ್ ತಂತಿಗೆ ಫ್ಯೂಸು, ಎರಡೂ ಕಡೆಯಿಂದ ಒಟ್ಟಿಗೆ ಕರೆಂಟು ಸೇರದಂತೆ ಒಂದು ಸ್ವಿಚ್ಚು. ವೋಲ್ಟು 16ರಿಂದ 12ಕ್ಕೆ ಇಳಿದರೆ ಶಕ್ತಿ ಅರ್ಧದ ಹತ್ತಿರಕ್ಕೆ ಬರುತ್ತದೆ, ಆದರೆ ಕಿವಿಗೆ ಸ್ವಲ್ಪ ಮೆಲ್ಲಗಾದಂತೆ ಅಷ್ಟೆ. ಎಲ್ಲ ಪೆಟ್ಟಿಗೆಗೂ ಈ ದಾರಿ ಆಗದು. ಪ್ಲಸ್-ಮೈನಸ್ ಎರಡೂ ವೋಲ್ಟ್ ಬೇಡುವ ದೊಡ್ಡವಕ್ಕೆ ಬೇರೆ ಏರ್ಪಾಡು ಬೇಕು. ಮಕ್ಕಳಂತೂ ಪ್ಲಗ್ಗಿನ ಪೆಟ್ಟಿಗೆ ತೆರೆಯಲೇಬಾರದು.

ಮರುವರ್ಷವೂ ಕರೆಂಟು ಹೋಯಿತು. ಎಂಟನೆಯ ತರಗತಿಗೆ ಬಂದಿದ್ದ ಅದೇ ಹುಡುಗಿ ಮಾತಾಡುತ್ತಿದ್ದಳು. ನಾವು ಸ್ವಿಚ್ಚು ತಿರುಗಿಸಿದೆವು. ಬೀದಿಯಾಚೆಯ ಅಂಗಡಿಯವರು ಕೊನೆಯ ವಾಕ್ಯದವರೆಗೂ ಬಾಗಿಲಲ್ಲಿ ನಿಂತು ಕೇಳಿದರು.