ಕ್ಯಾಮೆರಾಗೆ ‘ಅಂತೆ’ ಗೊತ್ತಿಲ್ಲ

ನಮ್ಮೂರ ಕಡೆ ದೆವ್ವದ ಕತೆ ಹೇಳೋರು ಯಾರೂ “ನಾನೇ ನೋಡಿದೆ” ಅಂತ ಶುರು ಮಾಡಲ್ಲ. ಕೆರೆ ಏರಿ ಮೇಲೆ ಕೊಳ್ಳಿದೆವ್ವ ಕಂಡಿತಂತೆ. ಹುಣಸೆಮರದ ಹತ್ತಿರ ಯಾರೋ ಸುಣ್ಣ ಕೇಳಿದರಂತೆ. ಬಗ್ಗಿ ನೋಡಿದರೆ ಪಾದ ಹಿಂದುಮುಂದಾಗಿತ್ತಂತೆ. ನೋಡಿದವನು ಹೇಳುವವನ ದೊಡ್ಡಪ್ಪನ ಸ್ನೇಹಿತ; ಕೇಳೋಣ ಅಂದ್ರೆ ಅವನು ಈಗ ಇಲ್ಲ. ಈ ‘ಅಂತೆ’ ಇದೆಯಲ್ಲ, ಅದು ಬಹಳ ಉಪಕಾರಿ. ಹೇಳುವವನು ಸುಳ್ಳು ಹೇಳಿದ ಹಾಗೂ ಆಗಲ್ಲ, ನಿಜ ಅಂತ ಆಣೆ ಇಟ್ಟ ಹಾಗೂ ಆಗಲ್ಲ. ನಂಬೋದು ಬಿಡೋದು ಕೇಳುವವರ ಪಾಲಿಗೆ.

ಕ್ರಿಯಾಪದದ ಬಾಲಕ್ಕೆ ಅಂಟಿಸಲು ಇಂಗ್ಲಿಷಿನಲ್ಲಿ ಇಂಥ ‘ಅಂತೆ’ ಇಲ್ಲ. ಆದರೂ ಇಂಗ್ಲಿಷಿನ ಹಳೆಯ ದೆವ್ವದ ಕತೆಗಾರರು ಇದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಕೊಂಡರು. ತೊಂದರೆ ಶುರುವಾಗಿದ್ದು ಆ ಕತೆಗಳು ಸಿನಿಮಾ ಆದಾಗ. ಕ್ಯಾಮೆರಾದ ಮುಂದೆ ದೆವ್ವ ಇರುತ್ತೆ, ಇಲ್ಲವೇ ಇರಲ್ಲ. 1957, 1961 ಮತ್ತು 1968ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಮೂರು ಚಿತ್ರಗಳು ಈ ತೊಂದರೆಯನ್ನು ಮೂರು ರೀತಿ ಎದುರಿಸಿದವು.

ಮೊದಲನೆಯದರ ಮೂಲ ಎಂ. ಆರ್. ಜೇಮ್ಸ್ ಬರೆದ ‘ಕಾಸ್ಟಿಂಗ್ ದ ರೂನ್ಸ್’. ಜೇಮ್ಸ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಮುಖ್ಯಸ್ಥರಾಗಿದ್ದ ವಿದ್ವಾಂಸ. ಮಧ್ಯಯುಗದ ಹಸ್ತಪ್ರತಿಗಳು ಅವರ ಕ್ಷೇತ್ರ. ಕ್ರಿಸ್ಮಸ್ ಹೊತ್ತಿಗೆ ಸ್ನೇಹಿತರನ್ನು ಕೂರಿಸಿಕೊಂಡು ತಾವು ಬರೆದ ದೆವ್ವದ ಕತೆ ಓದುತ್ತಿದ್ದರು. 1911ರ ಸಂಕಲನದಲ್ಲಿರುವ ಈ ಕತೆಯಲ್ಲಿ ಕಾರ್ಸ್‌ವೆಲ್ ಎಂಬ ಮಾಟಗಾರ ತನ್ನ ಪ್ರಬಂಧವನ್ನು ತಿರಸ್ಕರಿಸಿದ ವಿದ್ವಾಂಸನ ಕೈಗೆ, ಅವನಿಗೇ ಗೊತ್ತಾಗದ ಹಾಗೆ, ರೂನ್ ಲಿಪಿ ಬರೆದ ಚೀಟಿ ದಾಟಿಸುತ್ತಾನೆ. ಚೀಟಿ ಯಾರ ಬಳಿ ಇರುತ್ತೋ ಅವನಿಗೆ ಸಾವು. ಇದಕ್ಕೂ ಮುಂಚೆ ಚೀಟಿ ಪಡೆದಿದ್ದವನು ಸತ್ತಿದ್ದು ಮರದಿಂದ ಬಿದ್ದು. ಕೊನೆಗೆ ಚೀಟಿ ತಿರುಗಿ ಕಾರ್ಸ್‌ವೆಲ್‌ಗೇ ಸೇರುತ್ತೆ. ಅವನು ಸಾಯೋದು ಫ್ರಾನ್ಸಿನ ಒಂದು ಚರ್ಚಿನ ರಿಪೇರಿಗೆ ಕಟ್ಟಿದ್ದ ಸಾರ್ವೆಯಿಂದ ಕಲ್ಲು ತಲೆ ಮೇಲೆ ಬಿದ್ದು. ಎರಡೂ ಅಪಘಾತ ಅಂತ ಬೇಕಾದರೆ ಫೈಲ್ ಮುಚ್ಚಬಹುದು. ಬೆನ್ನು ಹತ್ತಿದ ಜೀವವನ್ನು ಯಾರೂ ಸರಿಯಾಗಿ ನೋಡಲ್ಲ. ಹಡಗು ಹತ್ತುವಾಗ ಟಿಕೆಟ್ ನೋಡುವವನೊಬ್ಬ, ಒಬ್ಬನೇ ಹೊರಟಿದ್ದ ಕಾರ್ಸ್‌ವೆಲ್‌ನನ್ನು ಕರೆದು, ಜೊತೆಯಲ್ಲಿದ್ದ ಇನ್ನೊಬ್ಬರು ಟಿಕೆಟ್ ತೋರಿಸಿದರಾ ಎಂದು ವಿಚಾರಿಸುತ್ತಾನೆ. ಅಷ್ಟೇ.

1957ರಲ್ಲಿ ಇದು ‘ನೈಟ್ ಆಫ್ ದ ಡೀಮನ್’ ಆಯಿತು. ನಿರ್ದೇಶಕ ಜಾಕ್ ಟೂರ್ನರ್. 1942ರಲ್ಲಿ ಸಣ್ಣ ಬಜೆಟ್ಟಿನ ‘ಕ್ಯಾಟ್ ಪೀಪಲ್’ ಮಾಡಿ, ಈಜುಕೊಳದ ಗೋಡೆಯ ನೆರಳು ಮತ್ತು ಒಂದು ಗುರುಗುಟ್ಟುವ ಸದ್ದಿನಲ್ಲೇ ಜನರನ್ನು ಹೆದರಿಸಿದ್ದವನು. ಚಿತ್ರಕತೆ ಬರೆದ ಚಾರ್ಲ್ಸ್ ಬೆನೆಟ್ ಹಿಚ್‌ಕಾಕ್ ಜೊತೆ ಕೆಲಸ ಮಾಡಿದ್ದವನು. ಬರವಣಿಗೆಯಲ್ಲಿ ‘ಅಂತೆ’ ಉಳಿಸುವ ವ್ಯವಸ್ಥೆ ಪಕ್ಕಾ ಇತ್ತು: ಮೊದಲ ಸಾವು ಕಾರು ಕರೆಂಟ್ ಕಂಬಕ್ಕೆ ಗುದ್ದಿ, ಕೊನೆಯ ಸಾವು ರೈಲು ಹಳಿಯ ಮೇಲೆ. ಎರಡಕ್ಕೂ ಲೌಕಿಕ ಕಾರಣ ಕೈಗೆ ಸಿಗುವಂತೆಯೇ ಇದೆ.

ಆದರೆ ನಿರ್ಮಾಪಕ ಹಾಲ್ ಚೆಸ್ಟರ್‌ಗೆ ದೆವ್ವ ಬೇಕಿತ್ತು, ಕಣ್ತುಂಬ. ನಿರ್ದೇಶಕನಿಗೂ ಲೇಖಕನಿಗೂ ಇಷ್ಟವಿಲ್ಲದಿದ್ದರೂ ಕೊಂಬು, ಹಲ್ಲು, ಹೊಗೆ ಸಮೇತ ಭಾರಿ ರಾಕ್ಷಸನನ್ನು ಸೇರಿಸಲಾಯಿತು, ಅದೂ ಚಿತ್ರ ಶುರುವಾದ ಸ್ವಲ್ಪ ಹೊತ್ತಿಗೇ. ಕ್ಲೈಮ್ಯಾಕ್ಸಿನಲ್ಲಿ, ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದ ಮನಶ್ಶಾಸ್ತ್ರಜ್ಞ ನಾಯಕ ಹಳಿಯ ಪಕ್ಕದ ಹೆಣವನ್ನು ನೋಡಲು ಹೋಗದೆ, ಕೆಲವನ್ನು ತಿಳಿಯದಿರುವುದೇ ಮೇಲು ಎನ್ನುವ ತೀರ್ಮಾನಕ್ಕೆ ಬರುತ್ತಾನೆ. ಒಳ್ಳೆಯ ಮುಕ್ತಾಯವೇ. ಆದರೆ ನಾವು ಆಗಲೇ ಎರಡು ಸಲ ರಾಕ್ಷಸನ ದರ್ಶನ ಮಾಡಿ ಕೂತಿರುತ್ತೇವೆ. ಅವನ ಅನುಮಾನ ನಮಗೆ ಬೆಪ್ಪುತನವಾಗಿ ಕಾಣುತ್ತೆ.

‘ತೋರಿಸಿದರೆ ಭಯ ಹೋಗುತ್ತೆ’ ಅನ್ನೋ ಮಾತು ಎಲ್ಲರಿಗೂ ಗೊತ್ತಿರೋದೇ. ವಿಷಯ ಅಷ್ಟಕ್ಕೇ ಮುಗಿಯಲ್ಲ ಅನ್ನೋದಕ್ಕೆ ಎರಡನೇ ಚಿತ್ರ ಸಾಕ್ಷಿ.

ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದ ಟರ್ನ್ ಆಫ್ ದ ಸ್ಕ್ರೂ’ ಹೇಗೆ ಶುರುವಾಗುತ್ತೆ ನೋಡಿ. ಹೆಸರಿಲ್ಲದ ನಿರೂಪಕ ಹೇಳುತ್ತಾನೆ, ಡಗ್ಲಸ್ ಎಂಬವನು ಕ್ರಿಸ್ಮಸ್ ಕೂಟದಲ್ಲಿ ಒಂದು ಹಸ್ತಪ್ರತಿ ಓದಿದ ಅಂತ. ಅದನ್ನು ಬರೆದವಳು ಒಬ್ಬ ಗವರ್ನೆಸ್, ಅಂದ್ರೆ ಮನೆಯಲ್ಲೇ ಇದ್ದು ಮಕ್ಕಳಿಗೆ ಪಾಠ ಹೇಳುವವಳು. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಲೆಕ್ಕ ಹಾಕಿದರೆ ಮೂರು ‘ಅಂತೆ’. ಆ ಮನೆಯಲ್ಲಿ ಸತ್ತ ಇಬ್ಬರು ನೌಕರರು ಮಕ್ಕಳನ್ನು ವಶ ಮಾಡಿಕೊಳ್ಳುತ್ತಿದ್ದಾರೆ ಅನ್ನೋದು ಅವಳ ಮಾತು. ಕೊನೆಗೆ ಹುಡುಗ ಮೈಲ್ಸ್ ಅವಳ ತೋಳಿನಲ್ಲೇ ಸಾಯುತ್ತಾನೆ. ದೆವ್ವ ಇದ್ದಿದ್ದು ನಿಜವಾದರೆ ಅವಳು ಮಗುವಿಗಾಗಿ ಹೋರಾಡಿದವಳು. ಇಲ್ಲದಿದ್ದರೆ ಒಂದು ಎಳೆ ಜೀವವನ್ನು ಹೆದರಿಸಿ ಕೊಂದವಳು. ಎಲ್ಲ ಅವಳ ಭ್ರಮೆ ಎಂದು ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದಿಸಿದ ಮೇಲಂತೂ ಈ ಜಗಳ ನಿಂತಿಲ್ಲ.

ಅಂದ್ರೆ ಇಲ್ಲಿ ದೆವ್ವ ತೋರಿಸೋದು ತೀರ್ಪು ಕೊಟ್ಟ ಹಾಗೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಪುಸ್ತಕ ಒಂದು ವೇರಿಯಬಲ್ಲಿಗೆ ಬೆಲೆ ಕೊಡದೇ ಕೊನೇ ಪುಟದವರೆಗೂ ಓಡಬಹುದು. ಸಿನಿಮಾದ ಪ್ರತಿ ಫ್ರೇಮೂ ಬೆಲೆ ಕೇಳುತ್ತೆ.

ಜ್ಯಾಕ್ ಕ್ಲೇಟನ್ 1961ರಲ್ಲಿ ಇದನ್ನು ‘ದ ಇನ್ನೋಸೆಂಟ್ಸ್’ ಮಾಡಿದಾಗ ಒಂದು ಉಪಾಯ ಹೂಡಿದ. ದೆವ್ವಗಳನ್ನು ತೋರಿಸಿದ, ಆದರೆ ಗವರ್ನೆಸ್ ಆಗಿದ್ದ ಡೆಬೊರಾ ಕೆರ್ ಮುಖವನ್ನು ಬಿಟ್ಟು ಹೋಗಲಿಲ್ಲ. ಅವಳ ಕಣ್ಣು ಅಗಲವಾಗುತ್ತೆ, ಆಮೇಲೆ ನಮಗೆ ಕಾಣುತ್ತೆ. ಕೆರೆಯ ಜೊಂಡಿನ ನಡುವೆ, ಹಗಲು ಹೊತ್ತಲ್ಲೇ, ಕಪ್ಪು ಬಟ್ಟೆಯ ಹೆಂಗಸು ಸುಮ್ಮನೆ ನಿಂತಿದ್ದಾಳೆ. ಮನೆ ನೋಡಿಕೊಳ್ಳುವ ಮಿಸೆಸ್ ಗ್ರೋಸ್‌ಗೆ ತೋರಿಸಿದರೆ ಅವಳಿಗೆ ಏನೂ ಕಾಣಲ್ಲ. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರುಗಳಿಂದ ಅಗಲ ಪರದೆಯ ಅಂಚುಗಳನ್ನು ಕಪ್ಪಾಗಿಸಿದ. ಹೀಗಾಗಿ ನಾವು ನೋಡೋದು ಮನೆಯನ್ನಲ್ಲ, ಅವಳು ಕಂಡ ಮನೆಯನ್ನು. ‘ಅವಳಿಗೆ ಕಂಡಿತಂತೆ’ ಅನ್ನೋದನ್ನು ಚಿತ್ರದಲ್ಲಿ ಹೇಳಲು ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ. ಆದರೂ ಒಂದು ಕಡೆ ಕ್ಲೇಟನ್ ಗೆರೆ ದಾಟುತ್ತಾನೆ. ಸತ್ತವಳು ಮೇಜಿನ ಮುಂದೆ ಅಳುತ್ತಾ ಕೂತಿದ್ದು ಮಾಯವಾಗುತ್ತಾಳೆ, ಸ್ಲೇಟಿನ ಮೇಲೆ ಒಂದು ಹನಿ ಕಣ್ಣೀರು ಉಳಿದಿರುತ್ತೆ. ಆ ಹನಿ ಯಾರದ್ದು? ಒಂದು ಹನಿಯಿಂದ ಕೇಸು ಇನ್ನೂ ಗೋಜಲಾಗುತ್ತೆ.

ಮೂರನೆಯದು 1968ರಲ್ಲಿ ಬಿಬಿಸಿ ಟಿವಿಗಾಗಿ ಜೊನಾಥನ್ ಮಿಲ್ಲರ್ ಮಾಡಿದ ‘ವಿಸಲ್ ಅಂಡ್ ಐ ವಿಲ್ ಕಮ್ ಟು ಯೂ’. ಇದೂ ಎಂ. ಆರ್. ಜೇಮ್ಸ್ ಕತೆಯೇ, 1904ರ ಸಂಕಲನದ್ದು. ಪ್ರೊಫೆಸರ್ ಒಬ್ಬನಿಗೆ ಸಮುದ್ರದ ದಡದಲ್ಲಿ ಹಳೆಯ ಸೀಟಿ ಸಿಗುತ್ತೆ. ಊದುತ್ತಾನೆ. ಏನೋ ಹಿಂದೆ ಬರುತ್ತೆ. ಕೊನೆಗೆ ಕೋಣೆಯ ಖಾಲಿ ಮಂಚದ ಹೊದಿಕೆ ಎದ್ದು ನಿಲ್ಲುತ್ತೆ. ಕತೆಯಲ್ಲಿ ಪ್ರೊಫೆಸರ್ ಯುವಕ. ಮಿಲ್ಲರ್ ಅವನನ್ನು ವಯಸ್ಸಾದ, ತನ್ನಷ್ಟಕ್ಕೆ ಗೊಣಗುವ ಒಂಟಿ ಮನುಷ್ಯನನ್ನಾಗಿ ಮಾಡಿ ಮೈಕಲ್ ಹಾರ್ಡರ್ನ್ ಕೈಲಿ ಆಡಿಸಿದ. ಮಿಲ್ಲರ್ ವೈದ್ಯಕೀಯ ಓದಿದವನು, ಅದು ಗೊತ್ತಾಗುತ್ತೆ. ಅವನು ತೋರಿಸಿದ ದೆವ್ವ ಒಂದು ಬಟ್ಟೆ, ಬಟ್ಟೆ ಮಾತ್ರ. ಕೊಂಬಿಲ್ಲ, ಹೊಗೆಯಿಲ್ಲ. ಸೋತಿದ್ದು ಬುದ್ಧಿಯೋ, ಬಂದಿದ್ದು ದೆವ್ವವೋ ಎನ್ನುವುದು ತೆರೆದೇ ಉಳಿಯುತ್ತೆ. 1971ರಿಂದ ಬಿಬಿಸಿ ಕ್ರಿಸ್ಮಸ್ ಹೊತ್ತಿಗೆ ಜೇಮ್ಸ್ ಕತೆಗಳನ್ನು ಚಿತ್ರ ಮಾಡಿ ತೋರಿಸತೊಡಗಿತು. ಕತೆಗಳು ಓದಿದ ಕಾಲಕ್ಕೇ ವಾಪಸ್ ಬಂದವು.

ನಮ್ಮಲ್ಲೂ ಒಂದು ಉದಾಹರಣೆ ಇದೆ. 90ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಬಾಗಿಲ ಮೇಲೆ ‘ನಾಳೆ ಬಾ’ ಬರೆದಿದ್ದು ನಿಮಗೂ ನೆನಪಿರಬಹುದು. ಆ ಸುದ್ದಿಯಲ್ಲಿ ಇದ್ದಿದ್ದು ಒಂದು ಬಾಗಿಲು, ಒಂದು ಪರಿಚಿತ ದನಿ, ಅಷ್ಟೇ. 2018ರ ಹಿಂದಿ ಚಿತ್ರ ‘ಸ್ತ್ರೀ’ ಅದನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ದನಿಗೆ ದೇಹವನ್ನೂ ಹಿನ್ನೆಲೆಯನ್ನೂ ಕೊಟ್ಟಿತು. ನಗಿಸುವ ಸಿನಿಮಾ ಆದ್ದರಿಂದ ನಷ್ಟ ಕಡಿಮೆ. ನಗುವಿಗೂ ಅರ್ಧ ನಂಬಿ ಅರ್ಧ ಬಿಡುವ ಗುಣ ಇದೆಯಲ್ಲ.

1957ರಲ್ಲಿ ರಾಕ್ಷಸನನ್ನು ಕಟ್ಟಿ ನಿಲ್ಲಿಸಲು ಖರ್ಚಿತ್ತು, ಕಷ್ಟವಿತ್ತು. ಈಗ ಲ್ಯಾಪ್‌ಟಾಪಿನಲ್ಲೇ ದೆವ್ವ ತಯಾರಾಗುತ್ತೆ, ಹಾಗಾಗಿ ತೋರಿಸುವ ಆಸೆ ಇನ್ನೂ ಜಾಸ್ತಿ. ಹಳೆಯ ಕತೆಯೊಂದನ್ನು ತೆರೆಗೆ ತರುವವರು ದೆವ್ವ ಹೇಗಿರಬೇಕು ಅಂತ ಡಿಸೈನ್ ಮಾಡೋಕೆ ಮುಂಚೆ, ಅದನ್ನು ನೋಡಿದೆ ಅಂತ ಹೇಳುತ್ತಿರೋದು ಯಾರು, ಅವರ ಮಾತು ಸುಳ್ಳಾದರೆ ಯಾರ ಜೀವಕ್ಕೆ ಕುತ್ತು ಅಂತ ಕೇಳಿಕೊಂಡರೆ ಒಳ್ಳೆಯದು. ಕ್ಲೇಟನ್ ಅದನ್ನು ಕೇಳಿಕೊಂಡಿದ್ದ. ಅದಕ್ಕೇ ಆ ಹುಡುಗನ ಸಾವು ಇವತ್ತಿಗೂ ನಮ್ಮ ಮನಸ್ಸಲ್ಲಿ ವಿಚಾರಣೆಯಲ್ಲೇ ಇದೆ.