ಅಮೆರಿಕ, ಕೆನಡಾದಲ್ಲಿ ಡಾಕ್ಟರ್ ಆಗೋಕೆ ‘ಓದುವ ಪರೀಕ್ಷೆ’: ಎಂಕ್ಯಾಟ್‌ನ ಕಾರ್ಸ್ ವಿಭಾಗಕ್ಕೆ ಅಭ್ಯಾಸ ಸಾಮಗ್ರಿ ಎಲ್ಲಿ ಸಿಗುತ್ತೆ? ಯಾವುದನ್ನ ನಂಬಬಹುದು? ಇಲ್ಲಿದೆ ಮಾಹಿತಿ

ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಣ್ಣನೋ, ಅಕ್ಕನೋ, ಚಿಕ್ಕಪ್ಪನೋ ಅಮೆರಿಕ ಅಥವಾ ಕೆನಡಾದಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳು ಈಗ ಕಾಲೇಜು ವಯಸ್ಸಿಗೆ ಬಂದಿದ್ದಾರೆ. ಅಲ್ಲಿ ಡಾಕ್ಟರ್ ಆಗಬೇಕು ಅಂದ್ರೆ ನೀಟ್ ಇಲ್ಲ, ಎಂಕ್ಯಾಟ್ ಬರೀಬೇಕು. ಕೆಮಿಸ್ಟ್ರಿ, ಬಯಾಲಜಿಯಲ್ಲಿ ಗಟ್ಟಿ ಇರೋ ಹುಡುಗ ಹುಡುಗಿಯರೂ ಇದರ ಒಂದು ವಿಭಾಗದಲ್ಲಿ ಮುಗ್ಗರಿಸ್ತಾರೆ. ಅದೇ ಕಾರ್ಸ್. ಕೊಟ್ಟ ಬರಹವನ್ನ ಓದಿ, ಅರ್ಥ ಮಾಡ್ಕೊಂಡು, ಉತ್ತರ ಗುರುತಿಸೋ ವಿಭಾಗ.

ಬಾಯಿಪಾಠ ಮಾಡೋಕೆ ಇದರಲ್ಲಿ ಏನೂ ಇಲ್ಲ. ಹಾಗಾಗಿ ಅಭ್ಯಾಸ ಒಂದೇ ದಾರಿ. ಆದರೆ ಅಭ್ಯಾಸದ ಸಾಮಗ್ರಿಯಲ್ಲೇ ಒಳ್ಳೇದು, ಕೆಟ್ಟದ್ದು ಇದೆ. ಕೆಟ್ಟದ್ದನ್ನ ತಿಂಗಳುಗಟ್ಟಲೆ ಓದಿದ್ರೆ ತಪ್ಪು ಯೋಚನೆಯೇ ರೂಢಿಯಾಗುತ್ತೆ.

ಮೊದಲು ಪರೀಕ್ಷೆ ಬಗ್ಗೆ

ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರವಾಗಿ ಮೆಡಿಕಲ್ ಸೇರೋ ಪದ್ಧತಿ ಸಾಮಾನ್ಯವಾಗಿ ಇಲ್ಲ. ನಾಲ್ಕು ವರ್ಷದ ಡಿಗ್ರಿ ಮಾಡಿ, ಆಮೇಲೆ ಎಂಕ್ಯಾಟ್ ಅಂಕದ ಜೊತೆ ಅರ್ಜಿ ಹಾಕಬೇಕು. ಪರೀಕ್ಷೆ ನಡೆಸೋದು ಅಮೆರಿಕದ ಮೆಡಿಕಲ್ ಕಾಲೇಜುಗಳ ಒಕ್ಕೂಟ. ಇದನ್ನ ಎಎಎಂಸಿ ಅಂತಾರೆ.

ಈಗಿನ ಮಾದರಿ 2015ರಿಂದ ಜಾರಿಯಲ್ಲಿದೆ. ಒಟ್ಟು ನಾಲ್ಕು ವಿಭಾಗ, 230 ಪ್ರಶ್ನೆ. ಪ್ರತಿ ವಿಭಾಗಕ್ಕೆ 118ರಿಂದ 132ರವರೆಗೆ ಅಂಕ. ಒಟ್ಟು ಅಂಕ 472ರಿಂದ 528. ಅಂದ್ರೆ ಕಾರ್ಸ್ ಒಂದೇ ಒಟ್ಟು ಅಂಕದ ಕಾಲು ಭಾಗ.

ಕಾರ್ಸ್ ವಿಭಾಗದ ಲೆಕ್ಕ ಹೀಗಿದೆ:

* ಸಮಯ 90 ನಿಮಿಷ, ಪ್ರಶ್ನೆ 53.
* ಒಟ್ಟು 9 ಬರಹ. ಒಂದೊಂದು ಸುಮಾರು 500ರಿಂದ 600 ಪದ. ಒಂದೊಂದಕ್ಕೆ 5ರಿಂದ 7 ಪ್ರಶ್ನೆ.
* ಅರ್ಧ ಭಾಗ ಸಾಹಿತ್ಯ, ಕಲೆ, ಸಂಗೀತ, ತತ್ವಶಾಸ್ತ್ರದಂಥ ವಿಷಯ. ಇನ್ನರ್ಧ ಇತಿಹಾಸ, ಅರ್ಥಶಾಸ್ತ್ರ, ರಾಜಕೀಯ, ಸಮಾಜಶಾಸ್ತ್ರದಂಥದ್ದು.
* ಬರಹ ನೇರವಾಗಿ ಅರ್ಥ ಆಗಿದೆಯಾ ಅನ್ನೋ ಪ್ರಶ್ನೆ ಸುಮಾರು ಶೇ 30. ಬರಹದ ಒಳಗಿನ ವಾದ ಹೇಗೆ ಕಟ್ಟಿದ್ದಾರೆ ಅನ್ನೋದು ಶೇ 30. ಅದೇ ವಾದವನ್ನ ಹೊಸ ಸಂದರ್ಭಕ್ಕೆ ಹಚ್ಚಿ ನೋಡೋದು ಶೇ 40.
* ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ನೀಟ್‌ನಲ್ಲಿ ಕಳೀತಾರೆ, ಇಲ್ಲಿ ಇಲ್ಲ. ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡೋ ಹಾಗಿಲ್ಲ.

ಒಂದು ಬರಹ ಓದಿ, ಅದರ ಪ್ರಶ್ನೆಗಳನ್ನೆಲ್ಲ ಮುಗಿಸೋಕೆ ಸಿಗೋದು ಹತ್ತೇ ನಿಮಿಷ.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು ಎಂಕ್ಯಾಟ್‌ನ ಬೇರೆ ವಿಭಾಗ ನೋಡಲ್ಲ. ಕಾರ್ಸ್ ಅಂಕ ಮಾತ್ರ ತಗೊಳ್ಳುತ್ತೆ. ಇದೊಂದರಿಂದಲೇ ಈ ವಿಭಾಗದ ತೂಕ ಗೊತ್ತಾಗುತ್ತೆ.

ನಮ್ಮ ಮಕ್ಕಳಿಗೆ ಯಾಕೆ ಕಷ್ಟ?

ನೀಟ್‌ನಲ್ಲಿ ಇರೋದು ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ. ಓದುವ ಪರೀಕ್ಷೆ ಅಂತ ಬೇರೆ ಇಲ್ಲ. ಇಲ್ಲಿ ಪಿಯುಸಿ ಮುಗಿಸಿ ಡಿಗ್ರಿಗೆ ಅಲ್ಲಿಗೆ ಹೋದವರಿಗೆ ಗೊತ್ತಿರೋ ದಾರಿ ಒಂದೇ: ಗೊತ್ತಿದ್ದದ್ದನ್ನ ನೆನಪಿಸ್ಕೊಂಡು ಬರಿಯೋದು. ಕಾರ್ಸ್‌ನಲ್ಲಿ ಅದೇ ತಿರುಗಿ ಹೊಡೆಯುತ್ತೆ. ಉತ್ತರಕ್ಕೆ ಬೇಕಾದ ಮಾಹಿತಿ ಎಲ್ಲಾ ಬರಹ ಮತ್ತು ಪ್ರಶ್ನೆಯಲ್ಲೇ ಇರುತ್ತೆ. ಹೊರಗಿನ ಜ್ಞಾನ ತಂದು ಸೇರಿಸಿದ್ರೆ ತಪ್ಪಾಗುತ್ತೆ.

ಒಂದು ಸಣ್ಣ ಮಾದರಿ ನೋಡಿ. ಇದು ಅಸಲಿ ಪ್ರಶ್ನೆ ಅಲ್ಲ, ಅರ್ಥ ಆಗಲಿ ಅಂತ ಕನ್ನಡದಲ್ಲಿ ಮಾಡಿದ್ದು.

ಬರಹ: ಚೌಕಾಸಿ ಮಾಡೋದು ಜಿಪುಣತನ ಅಂತ ಪೇಟೆಯ ಕೆಲವರು ಮೂಗು ಮುರೀತಾರೆ. ಆದರೆ ಸಂತೆಯಲ್ಲಿ ಬೆಲೆ ಅನ್ನೋದು ಮಾತಿಗೊಂದು ನೆಪ. ಬೆಲೆಯ ಚೀಟಿ ಅಂಟಿಸಿದ ಅಂಗಡಿಯಲ್ಲಿ ಹತ್ತು ವರ್ಷ ಸಾಮಾನು ತಂದರೂ ಅಂಗಡಿಯವನ ಊರು ಯಾವುದು ಅಂತ ಗೊತ್ತಿರಲ್ಲ.

ಪ್ರಶ್ನೆ: ಬರೆದವರು ಇವುಗಳಲ್ಲಿ ಯಾವುದನ್ನ ಒಪ್ಪುತ್ತಾರೆ?

1. ಅಂಗಡಿಗಿಂತ ಸಂತೆಯಲ್ಲಿ ಸಾಮಾನು ಅಗ್ಗ.
2. ಚೌಕಾಸಿಯಿಂದ ಮಾರುವವರಿಗೂ ಕೊಳ್ಳುವವರಿಗೂ ಪರಿಚಯ ಬೆಳೆಯುತ್ತೆ.
3. ಬೆಲೆ ಚೀಟಿ ಹಾಕೋ ಅಂಗಡಿಯವರು ಗ್ರಾಹಕರಿಗೆ ಮೋಸ ಮಾಡ್ತಾರೆ.
4. ಪೇಟೆಯ ಜನ ಜಿಪುಣರು.

ಸರಿ ಉತ್ತರ 2. ಮೊದಲನೇದು ನಿಜ ಇರಬಹುದು, ಆದರೆ ಬರಹದಲ್ಲಿ ಎಲ್ಲೂ ಹೇಳಿಲ್ಲ. ಮೂರನೇದು ಬರಹಕ್ಕಿಂತ ಬಹಳ ಮುಂದೆ ಹೋಯ್ತು. ನಾಲ್ಕನೇದರಲ್ಲಿ ‘ಪೇಟೆ’, ‘ಜಿಪುಣ’ ಅನ್ನೋ ಪದ ಬರಹದ್ದೇ, ಅರ್ಥ ಮಾತ್ರ ತಿರುಚಿದೆ. ಕಾರ್ಸ್‌ನಲ್ಲಿ ತಪ್ಪು ಆಯ್ಕೆಗಳು ಬಹುಪಾಲು ಈ ಮೂರೇ ವೇಷದಲ್ಲಿ ಬರ್ತವೆ.

ಒಳ್ಳೆ ಸಾಮಗ್ರಿ ಅಂತ ಗುರುತಿಸೋದು ಹೇಗೆ?

ಪುಸ್ತಕ ಆಗಲಿ, ಆ್ಯಪ್ ಆಗಲಿ, ದುಡ್ಡು ಕೊಡೋ ಮುಂಚೆ ನಾಲ್ಕು ವಿಷಯ ಪರೀಕ್ಷಿಸಿ.

ಒಂದು, ಸರಿ ಉತ್ತರಕ್ಕೆ ಆಧಾರವಾದ ಸಾಲನ್ನ ಬರಹದಲ್ಲಿ ಬೆರಳಿಟ್ಟು ತೋರಿಸೋಕೆ ಆಗಬೇಕು. ಆಗದಿದ್ರೆ ಆ ಪ್ರಶ್ನೆ ಕಳಪೆ.

ಎರಡು, ವಿವರಣೆಯಲ್ಲಿ ಸರಿ ಉತ್ತರ ಯಾಕೆ ಸರಿ ಅನ್ನೋದರ ಜೊತೆ ಉಳಿದ ಮೂರು ಯಾಕೆ ತಪ್ಪು ಅಂತಲೂ ಇರಬೇಕು.

ಮೂರು, ಬರಹದಲ್ಲಿ ಒಬ್ಬ ಲೇಖಕರ ಅಭಿಪ್ರಾಯ, ವಾದ ಇರಬೇಕು. ಬರೀ ಇಸವಿ, ಹೆಸರು, ಮಾಹಿತಿ ತುಂಬಿದ ಪಾಠದಿಂದ ಪ್ರಯೋಜನ ಇಲ್ಲ.

ನಾಲ್ಕು, ಹೊಸ ಸಂದರ್ಭ ಕೊಟ್ಟು ‘ಇದರಿಂದ ಲೇಖಕರ ವಾದ ಗಟ್ಟಿಯಾಗುತ್ತಾ, ದುರ್ಬಲ ಆಗುತ್ತಾ’ ಅಂತ ಕೇಳೋ ಪ್ರಶ್ನೆಗಳು ಸಾಕಷ್ಟು ಇರಬೇಕು. ಶೇ 40 ಪ್ರಶ್ನೆ ಇಂಥವೇ ಅನ್ನೋದು ನೆನಪಿರಲಿ.

ಎಲ್ಲಿ ಸಿಗುತ್ತೆ?

ಎಎಎಂಸಿಯ ಸ್ವಂತ ಸಾಮಗ್ರಿ: ಪರೀಕ್ಷೆ ಮಾಡೋರೇ ಕೊಡೋದು, ಹಾಗಾಗಿ ಮೊದಲ ಸ್ಥಾನ ಇದಕ್ಕೇ. ಕಾರ್ಸ್‌ಗೆ ಅಂತಲೇ ಎರಡು ಪ್ರಶ್ನೆ ಸಂಚಿಕೆ ಇವೆ, ಒಂದೊಂದರಲ್ಲಿ 120 ಪ್ರಶ್ನೆ. ಯಾವ ಬಗೆಯ ಪ್ರಶ್ನೆಯಲ್ಲಿ ತಪ್ಪಾಗ್ತಿದೆ ಅಂತ ತೋರಿಸೋ ‘ಕಾರ್ಸ್ ಡಯಾಗ್ನೋಸ್ಟಿಕ್ ಟೂಲ್’ ಇದೆ. ಪೂರ್ಣ ಅವಧಿಯ ಅಭ್ಯಾಸ ಪರೀಕ್ಷೆಗಳೂ ಇವೆ. ಹೆಚ್ಚಿನವಕ್ಕೆ ದುಡ್ಡು ಕೊಡಬೇಕು, ಉಚಿತ ಅಭ್ಯಾಸ ಪರೀಕ್ಷೆಯೂ ಸಿಗುತ್ತೆ.

ತೊಂದರೆ ಏನಂದ್ರೆ, ಇದು ಮುಗಿದು ಹೋಗುತ್ತೆ. ಎರಡೂ ಸಂಚಿಕೆ ಸೇರಿದ್ರೆ 240 ಪ್ರಶ್ನೆ. ಅಂದ್ರೆ ಬರೀ ನಾಲ್ಕೂವರೆ ಪರೀಕ್ಷೆಯಷ್ಟು. ಒಮ್ಮೆ ಓದಿದ ಬರಹವನ್ನ ಮತ್ತೆ ಓದಿದ್ರೆ ಉತ್ತರ ನೆನಪಿರುತ್ತೆ, ಅಂಕ ಸುಳ್ಳು ಹೇಳುತ್ತೆ. ಶುರುವಿನಲ್ಲೇ ಎಲ್ಲಾ ಮಾಡಿ ಮುಗಿಸಿ, ಕೊನೆ ತಿಂಗಳಲ್ಲಿ ಕೈ ಖಾಲಿ ಮಾಡ್ಕೊಂಡು ಕೂರೋದು ಬಹಳ ಜನ ಮಾಡೋ ತಪ್ಪು.

ಉಚಿತ ಸಾಮಗ್ರಿ: ಜ್ಯಾಕ್ ವೆಸ್ಟಿನ್ ಅನ್ನೋ ಸಂಸ್ಥೆ ದಿನಕ್ಕೊಂದು ಕಾರ್ಸ್ ಬರಹವನ್ನ ಪ್ರಶ್ನೆ ಸಮೇತ ಉಚಿತವಾಗಿ ಹಾಕುತ್ತೆ. ದಿನಾ ಕೂರೋ ಅಭ್ಯಾಸ ಬೆಳೆಸೋಕೆ ಒಳ್ಳೇದು. ಆದರೆ ಪ್ರಶ್ನೆಗಳ ತರ್ಕ ಎಎಎಂಸಿಯದ್ದೇ ಅಲ್ಲ. ಅಲ್ಲಿ ಬಂದ ಅಂಕ ನೋಡಿ ಹಿಗ್ಗೋದೂ ಬೇಡ, ಕುಗ್ಗೋದೂ ಬೇಡ. ಖಾನ್ ಅಕಾಡೆಮಿಯ ಎಂಕ್ಯಾಟ್ ಸಂಗ್ರಹ ಎಎಎಂಸಿ ಜೊತೆ ಸೇರಿ ತಯಾರಿಸಿದ್ದು, ಅದೂ ಉಚಿತ.

ದುಡ್ಡು ಕೊಟ್ಟು ತಗೊಳ್ಳೋದು: ಯುವರ್ಲ್ಡ್ ಪ್ರಶ್ನೆ ಸಂಗ್ರಹ, ಕ್ಯಾಪ್ಲಾನ್, ಪ್ರಿನ್ಸ್‌ಟನ್ ರಿವ್ಯೂ, ಎಕ್ಸಾಮ್‌ಕ್ರ್ಯಾಕರ್ಸ್ ಪುಸ್ತಕಗಳು ಚಾಲ್ತಿಯಲ್ಲಿವೆ. ಎಲ್ಲಾ ತಗೊಳ್ಳೋ ಅಗತ್ಯ ಇಲ್ಲ. ಮೇಲೆ ಹೇಳಿದ ನಾಲ್ಕು ಪರೀಕ್ಷೆಯಲ್ಲಿ ಪಾಸಾದ ಒಂದನ್ನ ಆರಿಸಿ, ಅದನ್ನೇ ಪೂರ್ತಿ ಮಾಡಿ.

ಲಾ ಪರೀಕ್ಷೆಯ ಪ್ರಶ್ನೆಗಳು: ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕೆ ಎಲ್‌ಸ್ಯಾಟ್ ಅನ್ನೋ ಪರೀಕ್ಷೆ ಇದೆ. ಅದರಲ್ಲೂ ಓದುವ ವಿಭಾಗ ಇದೆ, 35 ನಿಮಿಷಕ್ಕೆ ನಾಲ್ಕು ಬರಹ ಗುಂಪು. ಪ್ರಶ್ನೆಗಳ ಗುಣಮಟ್ಟ ಚೆನ್ನಾಗಿದೆ. ಪರೀಕ್ಷೆ ನಡೆಸೋ ಸಂಸ್ಥೆಯ ಲಾಹಬ್ ತಾಣದಲ್ಲಿ ಕೆಲವು ಹಳೇ ಪರೀಕ್ಷೆ ಉಚಿತವಾಗಿ ಸಿಗುತ್ತೆ. ಕಾನೂನು, ವಿಜ್ಞಾನದ ಬರಹಗಳೂ ಅದರಲ್ಲಿ ಇರೋದರಿಂದ ಕಲೆ, ಸಮಾಜದ ಬರಹಗಳನ್ನ ಮೊದಲು ಆರಿಸ್ಕೊಳ್ಳಿ. ಎಎಎಂಸಿ ಸಾಮಗ್ರಿ ಉಳಿಸ್ಕೊಳ್ಳಬೇಕು ಅನ್ನೋರಿಗೆ ಇದು ಒಳ್ಳೆ ದಾರಿ.

ಹಳೇ ಪುಸ್ತಕ ಸಿಕ್ಕಿದ್ರೆ?

ಮೊದಲು ಬರೆದವರ ಪುಸ್ತಕ ನೆಂಟರ ಮನೆಯಲ್ಲಿ ಇದ್ದೇ ಇರುತ್ತೆ. ಮುಖಪುಟದಲ್ಲಿ ‘ವರ್ಬಲ್ ರೀಸನಿಂಗ್’ ಅಂತ ಇದ್ರೆ ಅದು 2015ಕ್ಕೆ ಮುಂಚಿನ ಮಾದರಿಯದ್ದು. ಆಗ 60 ನಿಮಿಷಕ್ಕೆ 40 ಪ್ರಶ್ನೆ ಇತ್ತು, ವಿಜ್ಞಾನದ ಬರಹಗಳೂ ಇದ್ದವು. ಎಸೆಯೋದು ಬೇಡ. ವಿಜ್ಞಾನದ ಬರಹ ಬಿಟ್ಟು ಉಳಿದದ್ದನ್ನ ಆರಂಭದ ಅಭ್ಯಾಸಕ್ಕೆ ಬಳಸಿ.

ಕದ್ದು ಹಂಚೋ ಪಿಡಿಎಫ್‌ಗಳ ಸಹವಾಸ ಬೇಡ. ಕಾನೂನಿನ ಮಾತು ಹಾಗಿರಲಿ, ಉತ್ತರದ ವಿವರಣೆ ಇರಲ್ಲ, ಯಾವ ವರ್ಷದ್ದು ಅಂತ ಗೊತ್ತಿರಲ್ಲ. ಎಂಕ್ಯಾಟ್ ಕಂಪ್ಯೂಟರ್‌ನಲ್ಲಿ ನಡೆಯೋ ಪರೀಕ್ಷೆ. ಪರದೆ ಮೇಲೆ, ಗಡಿಯಾರ ಓಡ್ತಿರುವಾಗ ಓದೋ ಅಭ್ಯಾಸ ಪ್ರಿಂಟ್ ತೆಗೆದ ಹಾಳೆಯಲ್ಲಿ ಬರಲ್ಲ.

ಯಾವಾಗ ಯಾವುದು?

ಆರು ತಿಂಗಳು ಕೈಯಲ್ಲಿ ಇದ್ರೆ ಹೀಗೆ ಹಂಚ್ಕೊಳ್ಳಬಹುದು.

ಮೊದಲ ಎರಡು ತಿಂಗಳು: ದಿನಕ್ಕೆ ಒಂದು ಅಥವಾ ಎರಡು ಉಚಿತ ಬರಹ. ಗಡಿಯಾರ ಬೇಡ. ಓದಿ ಮುಗಿಸಿದ ಮೇಲೆ ಲೇಖಕರು ಏನು ಹೇಳ್ತಿದ್ದಾರೆ ಅಂತ ಒಂದೇ ಸಾಲಲ್ಲಿ ಬರೆದು, ಆಮೇಲೆ ಪ್ರಶ್ನೆಗೆ ಹೋಗಿ. ಎಎಎಂಸಿಯ ಒಂದೆರಡು ಬರಹ ಮಾತ್ರ ಮಾಡಿ, ಅಸಲಿ ಹೇಗಿರುತ್ತೆ ಅಂತ ಗೊತ್ತಾಗೋಕೆ.

ಮುಂದಿನ ಎರಡು ತಿಂಗಳು: ಹತ್ತು ನಿಮಿಷದ ಗಡಿಯಾರ ಇಟ್ಟು ದಿನಕ್ಕೆ ಎರಡು ಮೂರು ಬರಹ. ಎಲ್‌ಸ್ಯಾಟ್ ಅಥವಾ ಕೊಂಡ ಪ್ರಶ್ನೆ ಸಂಗ್ರಹ ಈ ಹಂತಕ್ಕೆ. ವಾರಕ್ಕೊಮ್ಮೆ 9 ಬರಹ ಒಟ್ಟಿಗೆ, 90 ನಿಮಿಷ ಎದ್ದೇಳದೆ.

ಕೊನೆ ಎರಡು ತಿಂಗಳು: ಪೂರ್ತಿ ಎಎಎಂಸಿ. ಸಂಚಿಕೆ ಎರಡೂ ಮುಗಿಸಿ, ಪೂರ್ಣ ಪರೀಕ್ಷೆಗಳನ್ನ ಕೊನೆ ವಾರಗಳಿಗೆ ಇಟ್ಕೊಳ್ಳಿ.

ತಪ್ಪಿನ ಪುಸ್ತಕ ಕಡ್ಡಾಯ

ಎಷ್ಟೇ ಒಳ್ಳೆ ಸಾಮಗ್ರಿ ತಂದ್ರೂ ಉತ್ತರ ನೋಡಿ ಮುಂದೆ ಹೋದ್ರೆ ಪ್ರಯೋಜನ ಇಲ್ಲ. ಒಂದು ನೋಟ್‌ಬುಕ್ ಇಡಿ. ತಪ್ಪಾದ ಪ್ರತಿ ಪ್ರಶ್ನೆಗೆ ಮೂರು ಸಾಲು: ನಾನು ಯಾಕೆ ಅದನ್ನ ಆರಿಸಿದೆ, ಸರಿ ಉತ್ತರಕ್ಕೆ ಆಧಾರ ಬರಹದ ಯಾವ ಸಾಲು, ಮುಂದಿನ ಸಲ ಏನು ನೋಡಬೇಕು. ಊಹೆ ಮಾಡಿ ಸರಿಯಾದದ್ದನ್ನೂ ಇದರಲ್ಲಿ ಸೇರಿಸಿ. ಒಂದು ತಿಂಗಳಾದ ಮೇಲೆ ತಿರುವಿ ನೋಡಿದ್ರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತೆ. ಹೊರಗಿನ ಜ್ಞಾನ ತರೋದಾ, ಅತಿಯಾದ ಮಾತನ್ನ ಒಪ್ಪೋದಾ, ಅವಸರದಲ್ಲಿ ‘ಅಲ್ಲ’ ಅನ್ನೋ ಪದ ಬಿಟ್ಟು ಓದೋದಾ ಅಂತ ಅಲ್ಲೇ ಸಿಗುತ್ತೆ.

ಖರ್ಚು ಮತ್ತು ನಿಯಮ: ಇದು ತಿಳಿದಿರಲಿ

* ವರ್ಷಕ್ಕೆ ಹೆಚ್ಚೆಂದ್ರೆ 3 ಸಲ, ಸತತ ಎರಡು ವರ್ಷದಲ್ಲಿ 4 ಸಲ, ಜೀವಮಾನದಲ್ಲಿ 7 ಸಲ ಮಾತ್ರ ಎಂಕ್ಯಾಟ್ ಬರೆಯಬಹುದು. ಅಂಕ ಬೇಡ ಅಂತ ರದ್ದು ಮಾಡಿದ್ರೂ ಒಂದು ಸಲ ಅಂತಲೇ ಲೆಕ್ಕ. ‘ಒಮ್ಮೆ ಬರೆದು ನೋಡೋಣ’ ಅಂತ ಹೋಗೋದು ದುಬಾರಿ ಆಟ.
* ಆದಾಯ ಕಡಿಮೆ ಇರೋ ಕುಟುಂಬದವರಿಗೆ ಎಎಎಂಸಿಯ ಶುಲ್ಕ ನೆರವು ಯೋಜನೆ ಇದೆ. ಪರೀಕ್ಷಾ ಶುಲ್ಕ ಕಡಿಮೆ ಆಗೋದರ ಜೊತೆ ಅಭ್ಯಾಸ ಸಾಮಗ್ರಿಯೂ ಉಚಿತವಾಗಿ ಸಿಗುತ್ತೆ. ಅಮೆರಿಕದ ಪೌರರು, ಗ್ರೀನ್ ಕಾರ್ಡ್ ಇರೋರಂಥವರು ಅರ್ಜಿ ಹಾಕಬಹುದು. ಇಲ್ಲಿಂದ ಸ್ಟೂಡೆಂಟ್ ವೀಸಾದಲ್ಲಿ ಹೋದವರಿಗೆ ಅನ್ವಯಿಸಲ್ಲ. ದುಡ್ಡು ಕೊಟ್ಟು ಕೊಳ್ಳೋ ಮುಂಚೆಯೇ ಅರ್ಜಿ ಹಾಕಿ.
* ಸ್ಟೂಡೆಂಟ್ ವೀಸಾದಲ್ಲಿ ಇರೋರು ಇನ್ನೊಂದು ವಿಷಯ ಗಮನಿಸಿ. ಅಮೆರಿಕದ ಹಲವು ಮೆಡಿಕಲ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳನ್ನ ತಗೊಳ್ಳೋದೇ ಇಲ್ಲ. ತಗೊಳ್ಳೋ ಕಾಲೇಜುಗಳ ಪಟ್ಟಿ ಮೊದಲು ಮಾಡ್ಕೊಂಡು, ಆಮೇಲೆ ಪರೀಕ್ಷೆಗೆ ದುಡ್ಡು ಕಟ್ಟಿ.

ಊರಲ್ಲಿ ಇರೋ ಅಜ್ಜ ಅಜ್ಜಿ, ಮಾವ ಅತ್ತೆ ಫೋನ್‌ನಲ್ಲಿ ‘ಎಷ್ಟು ಪುಸ್ತಕ ಮುಗಿಸ್ದೆ’ ಅಂತ ಕೇಳೋದು ವಾಡಿಕೆ. ಈ ವಿಭಾಗದ ಮಟ್ಟಿಗೆ ‘ಈ ವಾರ ಯಾವ ತಪ್ಪು ಸಿಕ್ತು’ ಅಂತ ಕೇಳಿ. ಆ ಹುಡುಗ, ಹುಡುಗಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತೆ.