ಕೊನೆಯ ತೀರ್ಪಿಗಿಂತ ನಡುವಿನ ತೀರ್ಮಾನ: ಅಂತರರಾಷ್ಟ್ರೀಯ ನಿರ್ಮಾಣ ಗುತ್ತಿಗೆಗಳಲ್ಲಿ ವಿವಾದ ಪರಿಹಾರದ ಇತಿಹಾಸ

ಅಣೆಕಟ್ಟು, ಸುರಂಗ, ಬಂದರು, ಕೊಳವೆಮಾರ್ಗಗಳಂಥ ಕಾಮಗಾರಿಗಳಲ್ಲಿ ಜಗಳ ಹುಟ್ಟುವುದು ಕೆಲಸ ನಡೆಯುತ್ತಿರುವಾಗಲೇ. ಟೆಂಡರಿನಲ್ಲಿ ಮೆದು ಮಣ್ಣೆಂದು ತೋರಿಸಿದ್ದ ಕಡೆ ಬಂಡೆ ಸಿಗುತ್ತದೆ, ನಕ್ಷೆ ಬದಲಾಗುತ್ತದೆ, ಜಮೀನು ಹೇಳಿದ ದಿನಕ್ಕೆ ಕೈಗೆ ಬರುವುದಿಲ್ಲ. ಹೆಚ್ಚಿನ ಖರ್ಚು ಯಾರದು ಎಂಬ ಪ್ರಶ್ನೆ ಅಲ್ಲೇ ಏಳುತ್ತದೆ, ಆದರೆ ಯಂತ್ರಗಳೂ ಕೂಲಿಯಾಳುಗಳೂ ಅದರ ಉತ್ತರಕ್ಕಾಗಿ ಕಾಯುತ್ತ ನಿಲ್ಲುವಂತಿಲ್ಲ. ಇಂಥ ವಿವಾದಗಳ ಇತಿಹಾಸವನ್ನು ನ್ಯಾಯಾಲಯದಿಂದ ಮಧ್ಯಸ್ಥಿಕೆಗೆ, ರಾಷ್ಟ್ರೀಯ ಕಾನೂನಿನಿಂದ ಅಂತರರಾಷ್ಟ್ರೀಯ ವ್ಯವಸ್ಥೆಗೆ ನಡೆದ ಪ್ರಯಾಣವೆಂದು ಬರೆಯುವುದು ರೂಢಿ. 1923ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯ ಮಧ್ಯಸ್ಥಿಕೆ ನ್ಯಾಯಾಲಯ ಹುಟ್ಟಿತು. 1958ರ ನ್ಯೂಯಾರ್ಕ್ ಒಡಂಬಡಿಕೆಯಿಂದ ಒಂದು ದೇಶದಲ್ಲಿ ಕೊಟ್ಟ ಮಧ್ಯಸ್ಥಿಕೆ ತೀರ್ಪನ್ನು ಇನ್ನೊಂದು ದೇಶದಲ್ಲಿ ಜಾರಿ ಮಾಡಿಸುವ ದಾರಿ ತೆರೆಯಿತು. ಇವು ದೊಡ್ಡ ಘಟನೆಗಳೇ. ಆದರೂ ನಿರ್ಮಾಣ ಗುತ್ತಿಗೆಯ ಮಟ್ಟಿಗೆ ಈ ಕಥನ ಅರ್ಧ ಸತ್ಯ ಎಂಬುದು ನನ್ನ ವಾದ. ಅಂತಿಮ ನ್ಯಾಯ ಯಾರು ಕೊಡಬೇಕು ಎಂಬುದರ ಮೇಲೆ ಈ ಕ್ಷೇತ್ರ ರೂಪುಗೊಳ್ಳಲಿಲ್ಲ. ಅಂತಿಮ ತೀರ್ಪು ಬರುವ ತನಕ ತಾತ್ಕಾಲಿಕ ತೀರ್ಮಾನ ಯಾರದು, ಅಲ್ಲಿಯವರೆಗೆ ಹಣ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯೇ ಅದನ್ನು ರೂಪಿಸಿದ್ದು.

ಈ ಪ್ರಶ್ನೆಗೆ ಮೊದಲ ಉತ್ತರ ಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ರೈಲ್ವೆ. ಉತ್ತರ ಸರಳವಾಗಿತ್ತು: ಎಂಜಿನಿಯರ್ ಹೇಳಿದ್ದೇ ಮಾತು. ಅಳತೆ, ಗುಣಮಟ್ಟ, ಬಿಲ್ಲು ಎಲ್ಲಕ್ಕೂ ಅವನ ಸಹಿಯೇ ಪ್ರಮಾಣ. ಆದರೆ ಅವನಿಗೆ ಸಂಬಳ ಕೊಡುವವರು ಕೆಲಸ ಮಾಡಿಸುವ ಕಂಪನಿಯವರು. ಗ್ರೇಟ್ ವೆಸ್ಟರ್ನ್ ರೈಲ್ವೆಯ ವಿರುದ್ಧ ಗುತ್ತಿಗೆದಾರ ರೇಂಜರ್ ಹೂಡಿದ ದಾವೆಯಲ್ಲಿ ಈ ವಿರೋಧಾಭಾಸ ಬಯಲಿಗೆ ಬಂತು. ಬಿಲ್ಲುಗಳನ್ನು ತೀರ್ಮಾನಿಸುತ್ತಿದ್ದ ಎಂಜಿನಿಯರ್ ಇಸಂಬಾರ್ಡ್ ಬ್ರೂನೆಲ್ ಅದೇ ಕಂಪನಿಯ ಷೇರುದಾರನಾಗಿದ್ದ; ಅದು ತನಗೆ ಗೊತ್ತಿರಲಿಲ್ಲವೆಂದು ರೇಂಜರ್ ವಾದಿಸಿದ. 1854ರಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ಒಪ್ಪಲಿಲ್ಲ. ಎಂಜಿನಿಯರ್ ಕಂಪನಿಯ ಕಡೆಯವನೆಂದು ತಿಳಿದೇ ಗುತ್ತಿಗೆದಾರ ಒಪ್ಪಂದಕ್ಕೆ ಬಂದಿದ್ದಾನೆ ಎಂಬುದು ಅದರ ನಿಲುವಿನ ತಿರುಳು. ಈ ತೀರ್ಪನ್ನು ಪಕ್ಷಪಾತದ ಸಮರ್ಥನೆಯೆಂದು ತಳ್ಳಿಹಾಕುವುದು ಸುಲಭ. ನನಗೆ ಅದರಲ್ಲಿ ಬೇರೊಂದು ಅಂಶ ಮುಖ್ಯವಾಗಿ ಕಾಣುತ್ತದೆ. ಕಾಮಗಾರಿಯ ಜಾಗದಲ್ಲೇ ಇದ್ದು, ಕೆಲಸ ಬಲ್ಲವನಾಗಿ, ಆ ಕ್ಷಣವೇ ತೀರ್ಮಾನ ಕೊಡಬಲ್ಲ ಒಬ್ಬನಿರುವುದು ಎರಡೂ ಕಡೆಯವರಿಗೆ ಎಷ್ಟು ಅಗತ್ಯವಾಗಿತ್ತೆಂದರೆ, ಅವನ ನಿಷ್ಪಕ್ಷಪಾತದ ಕೊರತೆಯನ್ನೂ ಕಾನೂನು ನುಂಗಿಕೊಂಡಿತು.

ಈ ಪದ್ಧತಿ ಇಂಗ್ಲೆಂಡಿನ ಗಡಿ ದಾಟಿದ್ದು ಫಿಡಿಕ್ ಮೂಲಕ. ಸಲಹಾ ಎಂಜಿನಿಯರುಗಳ ಈ ಅಂತರರಾಷ್ಟ್ರೀಯ ಒಕ್ಕೂಟ 1913ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಸ್ಥಾಪನೆಯಾಯಿತು. 1957ರಲ್ಲಿ ಅದು ಹೊರತಂದ, ಕೆಂಪು ಹೊದಿಕೆಯಿಂದಾಗಿ ‘ರೆಡ್ ಬುಕ್’ ಎಂದೇ ಹೆಸರಾದ ಮಾದರಿ ಗುತ್ತಿಗೆ ಬ್ರಿಟಿಷ್ ಸಿವಿಲ್ ಎಂಜಿನಿಯರುಗಳ ನಮೂನೆಯ ಮೇಲೆ ನಿಂತಿತ್ತು. ವಿವಾದ ಮೊದಲು ಎಂಜಿನಿಯರನ ಬಳಿಗೆ, ಅಲ್ಲಿ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಿಕೆಗೆ ಎಂಬ 67ನೆಯ ಕಲಮು ಏಷ್ಯಾ, ಆಫ್ರಿಕಾಗಳ ಕಾಮಗಾರಿಗಳಿಗೂ ಹೋಯಿತು. ಅಲ್ಲಿ ಕೆಲಸ ಮಾಡಿಸುವವರು ಬಹುಪಾಲು ಸರ್ಕಾರಗಳು, ಮಾಡುವವರು ವಿದೇಶಿ ಕಂಪನಿಗಳು. ಸರ್ಕಾರವೇ ನೇಮಿಸಿದ ಎಂಜಿನಿಯರ್, ಎಷ್ಟೋ ಸಲ ಇಲಾಖೆಯ ಅಧಿಕಾರಿಯೇ, ಸರ್ಕಾರಕ್ಕೆ ವಿರುದ್ಧವಾಗಿ ಬರೆಯುವುದು ಕಷ್ಟ. 1987ರ ನಾಲ್ಕನೆಯ ಆವೃತ್ತಿ ಎಂಜಿನಿಯರ್ ನಿಷ್ಪಕ್ಷಪಾತವಾಗಿ ನಡೆಯಬೇಕೆಂದು ಕಲಮೊಂದನ್ನೇ ಸೇರಿಸಿತು. ನಡೆಯುತ್ತಿರುವುದನ್ನು ನಡೆಯಬೇಕು ಎಂದು ಯಾರೂ ಬರೆಯುವುದಿಲ್ಲ. ನಂಬಿಕೆ ಆಗಲೇ ಕುಸಿದಿತ್ತು ಎಂಬುದಕ್ಕೆ ಆ ಕಲಮೇ ಸಾಕ್ಷಿ.

ಪರ್ಯಾಯ ಬಂದದ್ದು ಸುರಂಗಗಳಿಂದ. ನೆಲದೊಳಗೆ ಏನಿದೆಯೆಂದು ಅಗೆಯುವ ತನಕ ತಿಳಿಯದು, ಹಾಗಾಗಿ ಜಗಳವೂ ಅಲ್ಲೇ ಹೆಚ್ಚು. ಅಮೆರಿಕದ ಕೊಲರಾಡೊದಲ್ಲಿ ಐಸೆನ್‌ಹೋವರ್ ಸುರಂಗದ ಮೊದಲ ಕೊರೆತ ಹಣ, ಕಾಲ ಎರಡರಲ್ಲೂ ಅಂದಾಜು ಮೀರಿ ವ್ಯಾಜ್ಯಗಳ ಗೂಡಾಯಿತು. 1975ರಲ್ಲಿ ಎರಡನೆಯ ಕೊರೆತಕ್ಕೆ ಕೈಹಾಕಿದಾಗ ಮೂವರು ಅನುಭವಿಗಳ ಪರಿಶೀಲನಾ ಮಂಡಳಿಯನ್ನು ಆರಂಭದಲ್ಲೇ ನೇಮಿಸಿದರು. ಜಗಳ ಬಂದ ಮೇಲೆ ಹುಡುಕಿ ತಂದ ಮಂಡಳಿಯಲ್ಲ ಅದು. ಕೆಲಸದ ಜೊತೆಜೊತೆಗೇ ಸಾಗಿ ಬಂದದ್ದು. 1980ರ ದಶಕದ ಆರಂಭದಲ್ಲಿ ವಿಶ್ವಬ್ಯಾಂಕಿನ ನೆರವಿನ ಹೊಂಡುರಾಸ್‌ನ ಎಲ್ ಕಹೋನ್ ಅಣೆಕಟ್ಟಿನಲ್ಲಿ ಇದೇ ಕ್ರಮ ಅಂತರರಾಷ್ಟ್ರೀಯ ಗುತ್ತಿಗೆಯನ್ನು ಪ್ರವೇಶಿಸಿತು. 1995ರಲ್ಲಿ ವಿಶ್ವಬ್ಯಾಂಕ್ 5 ಕೋಟಿ ಡಾಲರಿಗೂ ಮೀರಿದ ಗುತ್ತಿಗೆಗಳಿಗೆ ಇಂಥ ಮಂಡಳಿಯನ್ನು ಕಡ್ಡಾಯ ಮಾಡಿತು. ಮರುವರ್ಷ ಫಿಡಿಕ್ ತನ್ನ ಕೆಂಪು ಪುಸ್ತಕಕ್ಕೆ ಪುರವಣಿ ಹೊರಡಿಸಿತು. 1999ರ ಹೊಸ ಆವೃತ್ತಿಯಲ್ಲಿ ವಿವಾದ ತೀರ್ಮಾನದ ಹೊಣೆ ಎಂಜಿನಿಯರನ ಕೈಯಿಂದ ಪೂರ್ತಿಯಾಗಿ ವಿವಾದ ಮಂಡಳಿಗೆ ಸೇರಿತು. ಒಂದು ವಿವರವನ್ನು ಇಲ್ಲಿ ಗಮನಿಸಬೇಕು. 1987ರ ಆವೃತ್ತಿ ಎಂಜಿನಿಯರನಿಗೆ ಕೊಟ್ಟಿದ್ದ ಗಡುವು 84 ದಿನ. 1999ರಲ್ಲಿ ಮಂಡಳಿಗೆ ಸಿಕ್ಕ ಗಡುವೂ 84 ದಿನವೇ. ಮುಂದೆ ಮಾರ್ಪಾಡಾಗುವ ತನಕ ಇಬ್ಬರೂ ತೀರ್ಮಾನವನ್ನು ಕೂಡಲೇ ಪಾಲಿಸಬೇಕೆಂಬ ಷರತ್ತು ಆಗಲೂ ಇತ್ತು, ಈಗಲೂ ಉಳಿಯಿತು. ಪೀಠದಲ್ಲಿ ಕೂತವರು ಬದಲಾದರು, ಪೀಠ ಬದಲಾಗಲಿಲ್ಲ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ: ಬದಲಾವಣೆಗೆ ಕಾರಣ ನಿಷ್ಪಕ್ಷಪಾತದ ಬೇಡಿಕೆಯೇ ಹೊರತು ತಾತ್ಕಾಲಿಕ ತೀರ್ಮಾನದ ಅಗತ್ಯವಲ್ಲ. ಎಂಜಿನಿಯರನನ್ನು ಇಳಿಸಿದ್ದು ಆ ಬೇಡಿಕೆಯೇ ಎಂಬುದನ್ನು ಒಪ್ಪುತ್ತೇನೆ. ಆದರೆ ನಿಷ್ಪಕ್ಷಪಾತವಷ್ಟೇ ಸಾಕಾಗಿದ್ದರೆ ಮಧ್ಯಸ್ಥರು ಆಗಲೇ ಇದ್ದರಲ್ಲ. ಇನ್ನೊಂದು ಮಂಡಳಿ ಏಕೆ ಬೇಕಿತ್ತು? ನಿಷ್ಪಕ್ಷಪಾತ ಮಾತ್ರದಿಂದ ಕೆಲಸ ಸಾಗದೆಂಬುದಕ್ಕೆ ಇಂಡೊನೇಷ್ಯಾದ ಸರ್ಕಾರಿ ಅನಿಲ ಕಂಪನಿ ಪಿಜಿಎನ್‌ನ ಪ್ರಕರಣಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ. 2006ರ ಕೊಳವೆಮಾರ್ಗ ಗುತ್ತಿಗೆಯಲ್ಲಿ ಫಿಡಿಕ್ 1999ರ ಷರತ್ತುಗಳಿದ್ದವು. 2008ರ ನವೆಂಬರಿನಲ್ಲಿ ವಿವಾದ ಮಂಡಳಿ, ಗುತ್ತಿಗೆದಾರರ ಸಿಆರ್‌ಡಬ್ಲ್ಯು ಒಕ್ಕೂಟಕ್ಕೆ ಸುಮಾರು 1.73 ಕೋಟಿ ಡಾಲರ್ ಕೊಡಬೇಕೆಂದು ತೀರ್ಮಾನಿಸಿತು. ಪಿಜಿಎನ್ ಅಸಮ್ಮತಿಯ ಪತ್ರ ಕೊಟ್ಟು ಹಣ ತಡೆಹಿಡಿಯಿತು. ಗುತ್ತಿಗೆದಾರರು ಮಧ್ಯಸ್ಥಿಕೆಗೆ ಹೋಗಿ, ತಕ್ಷಣ ಪಾವತಿಯಾಗಬೇಕೆಂಬ ತೀರ್ಪು ಪಡೆದರು. ಸಿಂಗಪುರದ ಹೈಕೋರ್ಟ್ ಅದನ್ನು ರದ್ದು ಮಾಡಿತು, 2011ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದತಿಯನ್ನು ಎತ್ತಿಹಿಡಿಯಿತು. ಗುತ್ತಿಗೆದಾರರು ಎರಡನೆಯ ಸಲ ಮಧ್ಯಸ್ಥಿಕೆ ಹೂಡಬೇಕಾಯಿತು. 2015ರ ಮೇ ತಿಂಗಳಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಅವರ ಪರ ನಿಂತಿತು. ಮಂಡಳಿ ಪಕ್ಷಪಾತಿಯೆಂದು ಯಾರೂ ಹಣ ತಡೆಹಿಡಿದಿರಲಿಲ್ಲ. ತೊಡಕು ಇದ್ದದ್ದು ಷರತ್ತಿನ ಬರವಣಿಗೆಯಲ್ಲಿ: ಅಸಮ್ಮತಿ ಪತ್ರವಿಲ್ಲದೆ ಅಂತಿಮವಾದ ತೀರ್ಮಾನವನ್ನು ನೇರವಾಗಿ ಮಧ್ಯಸ್ಥಿಕೆಯಲ್ಲಿ ಜಾರಿ ಮಾಡಿಸುವ ದಾರಿ ಇತ್ತು, ತಾತ್ಕಾಲಿಕವಾಗಿ ಬದ್ಧವಾದ ತೀರ್ಮಾನಕ್ಕೆ ಅಂಥ ದಾರಿ ಬರೆದಿರಲಿಲ್ಲ. ಈಗ ಕೊಡು, ಆಮೇಲೆ ವಾದಿಸು ಎಂಬ ತತ್ವ ಒಂದು ಕಲಮಿನ ಲೋಪದಿಂದ ಆರೂವರೆ ವರ್ಷ ನೇತಾಡಿತು. ಫಿಡಿಕ್ 2013ರಲ್ಲಿ ಮಾರ್ಗದರ್ಶಿ ಟಿಪ್ಪಣಿ ಹೊರಡಿಸಿ, 2017ರ ಆವೃತ್ತಿಯಲ್ಲಿ ಲೋಪವನ್ನು ಮುಚ್ಚಿತು.

ಬ್ರಿಟನ್ ಈ ತತ್ವವನ್ನು ಗುತ್ತಿಗೆಯ ಷರತ್ತಿಗೆ ಬಿಡದೆ ಶಾಸನಕ್ಕೇ ತಂದಿತು. ಮೈಕೆಲ್ ಲ್ಯಾಥಮ್ 1994ರಲ್ಲಿ ಕೊಟ್ಟ ವರದಿಯ ಬೆನ್ನಿಗೆ 1996ರಲ್ಲಿ ಕಾಯ್ದೆ ಬಂತು, 1998ರಿಂದ ಜಾರಿಯಾಯಿತು. ನಿರ್ಮಾಣ ಗುತ್ತಿಗೆಯ ಯಾವ ಪಕ್ಷವೂ ಯಾವಾಗ ಬೇಕಾದರೂ ವಿವಾದವನ್ನು ನಿರ್ಣಾಯಕನ ಮುಂದೆ ಇಡಬಹುದು. ಸಾಮಾನ್ಯವಾಗಿ 28 ದಿನಗಳಲ್ಲಿ ತೀರ್ಮಾನ. 1999ರ ಮೇಕಾಬ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡೈಸನ್, ತೀರ್ಮಾನದ ಸಿಂಧುತ್ವವನ್ನೇ ಪ್ರಶ್ನಿಸಿದ್ದರೂ ಸದ್ಯಕ್ಕೆ ಅದನ್ನು ಪಾಲಿಸಲೇಬೇಕೆಂದು ನಿಂತರು. ನಿರ್ಣಾಯಕನ ತೀರ್ಮಾನಕ್ಕೆ ಅಲ್ಲಿ ಬೆಲೆ ಬಂದದ್ದು ನ್ಯಾಯಾಲಯ ಅದರ ಹಿಂದೆ ನಿಂತದ್ದರಿಂದ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅವಸರದ ತೀರ್ಮಾನ ತಪ್ಪಾಗಿದ್ದರೆ? ಪನಾಮಾ ಕಾಲುವೆಯ ವಿಸ್ತರಣೆ ಇದಕ್ಕೆ ಉದಾಹರಣೆ. ಹೊಸ ಲಾಕ್‌ಗಳ ಸುಮಾರು 312 ಕೋಟಿ ಡಾಲರಿನ ಗುತ್ತಿಗೆ 2009ರಲ್ಲಿ ಸ್ಪೇನಿನ ಸಾಸಿರ್ ಮುಂದಾಳತ್ವದ ಒಕ್ಕೂಟಕ್ಕೆ ಸಿಕ್ಕಿತು. ಕಾಂಕ್ರೀಟಿಗೆ ಬಳಸಬೇಕಾದ ಬಸಾಲ್ಟ್ ಕಲ್ಲಿನ ಗುಣಮಟ್ಟದ ಬಗ್ಗೆ ವಿವಾದ ಎದ್ದು, ಖರ್ಚಿನ ಜಗಳದಲ್ಲಿ 2014ರ ಆರಂಭದಲ್ಲಿ ಕೆಲಸವೂ ನಿಂತಿತು. ಅದೇ ವರ್ಷದ ಕೊನೆಗೆ ಮಂಡಳಿ ಗುತ್ತಿಗೆದಾರರಿಗೆ ಸುಮಾರು 23 ಕೋಟಿ ಡಾಲರ್ ಕೊಡಿಸಿತು. 2020ರಲ್ಲಿ ಮಧ್ಯಸ್ಥರು ಅದನ್ನು ತಿರುವಿಹಾಕಿ, ಸುಮಾರು 24 ಕೋಟಿ ಡಾಲರ್ ಹಿಂದಿರುಗಿಸಬೇಕೆಂದರು. ವ್ಯವಸ್ಥೆ ಸೋತಿತೆಂದು ಇದನ್ನು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ತಾತ್ಕಾಲಿಕ ತೀರ್ಮಾನ ತಾತ್ಕಾಲಿಕವಾಗಿಯೇ ಇತ್ತು, ತಪ್ಪೆಂದು ಕಂಡದ್ದು ತಿದ್ದಲ್ಪಟ್ಟಿತು, ನಡುವೆ 2016ರ ಜೂನ್‌ನಲ್ಲಿ ವಿಸ್ತರಿಸಿದ ಕಾಲುವೆ ಹಡಗುಗಳಿಗೆ ತೆರೆಯಿತು. ಆದರೆ ಆಕ್ಷೇಪದಲ್ಲಿ ಒಂದು ನಿಜವಿದೆ. ಹಣ ಪಡೆದವನು ದಿವಾಳಿಯಾದರೆ ತಿದ್ದುಪಡಿ ಕಾಗದದ ಮೇಲೆ ಉಳಿಯುತ್ತದೆ. ಹಾಗಾಗಿ ಮಧ್ಯಂತರ ಪಾವತಿಗೆ ಬ್ಯಾಂಕ್ ಗ್ಯಾರಂಟಿಯ ಬೆಂಬಲ ಇರಲೇಬೇಕು.

ಭಾರತದ ನ್ಯಾಯಾಲಯಗಳು ಈ ಇತಿಹಾಸದ ಮೊದಲರ್ಧವನ್ನು ಚೆನ್ನಾಗಿ ಗ್ರಹಿಸಿವೆ. ತೀರ್ಥಹಳ್ಳಿಯ ರಾಮೇಶ್ವರ ಅಕ್ಕಿ ಗಿರಣಿಯ ಪ್ರಕರಣ ಕಟ್ಟಡದ್ದಲ್ಲ, ಭತ್ತದಿಂದ ಅಕ್ಕಿ ಮಾಡಿಸುವ ಒಪ್ಪಂದದ್ದು. ಆದರೂ 1987ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಸರ್ಕಾರಕ್ಕೆ ಹೇಳಿದ ಮಾತು, ಒಪ್ಪಂದದ ಒಂದು ಪಕ್ಷವೇ ಒಪ್ಪಂದ ಮುರಿದವರು ಯಾರೆಂದು ತೀರ್ಮಾನಿಸುವಂತಿಲ್ಲ ಎಂಬುದು, ಮುಂದೆ ಲೋಕೋಪಯೋಗಿ ಗುತ್ತಿಗೆಗಳ ವಿವಾದಗಳಲ್ಲೂ ಆಧಾರವಾಯಿತು. ಎಂಜಿನಿಯರನ ಪಟ್ಟ ಅಲುಗಿದ ಅದೇ ವರ್ಷ ಅದು. ಮಧ್ಯಸ್ಥಿಕೆ ಕಾಯ್ದೆಯ 2015ರ ತಿದ್ದುಪಡಿ ಇಲಾಖೆಯ ನೌಕರ ಮಧ್ಯಸ್ಥನಾಗುವುದನ್ನು ತಡೆಯಿತು. ಸರ್ಕಾರಿ ಸಂಸ್ಥೆ ತಾನೊಂದೇ ಏಕವ್ಯಕ್ತಿ ಮಧ್ಯಸ್ಥನನ್ನು ನೇಮಿಸುವುದು ಸಲ್ಲದೆಂದು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಬಹುಮತದಿಂದ ಹೇಳಿತು. ಇತಿಹಾಸದ ಎರಡನೆಯ ಅರ್ಧ ಮಾತ್ರ ಇಲ್ಲಿ ಬೇರೂರಲಿಲ್ಲ. ಮಧ್ಯಸ್ಥಿಕೆ ತೀರ್ಪನ್ನು ಪ್ರಶ್ನಿಸಿದ ಕೂಡಲೇ ತಂತಾನೇ ತಡೆ ಬೀಳುವ ಪದ್ಧತಿ ಬಹುಕಾಲ ನಡೆಯಿತು. ಅದನ್ನು ಮರಳಿ ತರುವ 87ನೆಯ ಕಲಮನ್ನು 2019ರ ನವೆಂಬರಿನಲ್ಲಿ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಬೇಕಾಯಿತು. ಅಂತಿಮ ತೀರ್ಪಿನ ಗತಿಯೇ ಹೀಗಿದ್ದಾಗ ತಾತ್ಕಾಲಿಕ ತೀರ್ಮಾನದ ಮಾತನ್ನು ಯಾರು ಕೇಳುತ್ತಾರೆ? ಸಾರ್ವಜನಿಕ ಹಣ ಬಿಡುಗಡೆ ಮಾಡುವ ಅಧಿಕಾರಿಗೆ ಲೆಕ್ಕಪರಿಶೋಧನೆಯ, ವಿಚಕ್ಷಣಾ ದಳದ ಭಯವಿದೆ ಎಂಬ ಸಮಜಾಯಿಷಿ ಸುಳ್ಳಲ್ಲ. ಅದಕ್ಕೆ ಉತ್ತರವನ್ನು ಕೇಂದ್ರ ಸಂಪುಟವೇ 2016ರಲ್ಲಿ ಕಂಡುಕೊಂಡಿತ್ತು: ಸರ್ಕಾರಿ ಸಂಸ್ಥೆ ಪ್ರಶ್ನಿಸಿದ ತೀರ್ಪಿನ ಮೊತ್ತದ ಶೇ. 75ರಷ್ಟನ್ನು ಬ್ಯಾಂಕ್ ಗ್ಯಾರಂಟಿ ಪಡೆದು ಗುತ್ತಿಗೆದಾರರಿಗೆ ಕೊಡುವುದು.

ಆ ದಾರಿಯಲ್ಲಿ ಮುಂದುವರಿಯುವ ಬದಲು ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಸರ್ಕಾರಿ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಮಾತ್ರ ಉಳಿಸಿ, ದೊಡ್ಡವನ್ನು ಸಂಧಾನಕ್ಕೂ ನ್ಯಾಯಾಲಯಕ್ಕೂ ಬಿಟ್ಟಿದೆ. ಮಧ್ಯಸ್ಥಿಕೆಯ ಖರ್ಚು, ವಿಳಂಬಗಳ ಬಗ್ಗೆ ಅದು ಎತ್ತುವ ದೂರುಗಳು ಸರಿಯೇ ಇರಬಹುದು. ಆದರೆ ಇಬ್ಬರೂ ಒಪ್ಪಿದರೆ ಮಾತ್ರ ಸಂಧಾನ ಫಲಿಸುತ್ತದೆ. ನ್ಯಾಯಾಲಯ ವರ್ಷಗಳ ಮಾತು. ಕೆಲಸ ನಡೆಯುವಾಗ ಎರಡೂ ಕಡೆಯನ್ನು ಬದ್ಧಗೊಳಿಸುವ ತೀರ್ಮಾನ ಎಲ್ಲಿಂದ ಬರಬೇಕೆಂಬುದಕ್ಕೆ ಆ ಮಾರ್ಗಸೂಚಿಯಲ್ಲಿ ಉತ್ತರವಿಲ್ಲ. ವಿದೇಶಿ ಸಾಲದ ಕಾಮಗಾರಿಗಳಲ್ಲಿ ಸಾಲ ಕೊಟ್ಟವರ ಷರತ್ತಿನಿಂದ ವಿವಾದ ಮಂಡಳಿ ಬರುತ್ತದೆ, ನಮ್ಮದೇ ತೆರಿಗೆ ಹಣದ ಕಾಮಗಾರಿಗಳಿಗೆ ಅದರ ಖಾತರಿ ಇಲ್ಲ. ಮಂಡಳಿಯ ತೀರ್ಮಾನವನ್ನು ಬ್ಯಾಂಕ್ ಗ್ಯಾರಂಟಿಯ ಭದ್ರತೆಯೊಂದಿಗೆ ಕೂಡಲೇ ಪಾಲಿಸಬೇಕೆಂದು ವಿಧಿಸುವ, ಹಾಗೆ ಪಾವತಿ ಮಾಡಿದ ಅಧಿಕಾರಿಗೆ ರಕ್ಷಣೆ ಕೊಡುವ ಶಾಸನವನ್ನು ಸಂಸತ್ತು ಮಾಡಬೇಕು.